ಸಭೆಯಲ್ಲಿ ಸಹನೆ

ಹೊರನಾಡಿನಲ್ಲಿ ಕನ್ನಡದ ಆರಾಧನೆ ನಡೆಯುವ ದೇವಾಲಯಗಳು ಬಲು ಕಡಿಮೆ. ಆದುದರಿಂದ ಮುಂಬಯಿಯಂಥ ಊರಿನಲ್ಲಿ ಧಾರವಾಡದವರು, ಮಂಗಳೂರಿನವರು, ಬಳ್ಳಾರಿಯವರು, ಬೀದರಿನವರು ಎಲ್ಲರೂ ಒಂದೇ ಸೂರಿನ ಕೆಳಗೆ ಪ್ರಾರ್ಥನೆಗೆ ಕೂಡುತ್ತೇವೆ. ಭಾಷೆ ಒಂದು, ಕರ್ತನೊಬ್ಬ. ರೂಢಿಗಳು ಮಾತ್ರ ಹತ್ತು. ಮೊಣಕಾಲೂರದೆ ಪ್ರಭುಭೋಜನ ತೆಗೆದುಕೊಳ್ಳುವುದು ಒಬ್ಬರಿಗೆ ಅಗೌರವ; ಅಚ್ಚಾದ ಪ್ರಾರ್ಥನೆಯನ್ನು ಓದುವುದು ಇನ್ನೊಬ್ಬರಿಗೆ ಬರಿಯ ಬಾಯುಪಚಾರ. ಪಾತ್ರೆ ಒಂದೇ ಇರಬೇಕೋ, ಹಲವು ಇರಬಹುದೋ ಎಂಬುದಕ್ಕೂ ಹುಬ್ಬು ಗಂಟಿಕ್ಕುವವರುಂಟು.

ಈ ಭೇದಗಳ ಮೂಲವನ್ನು ಹುಡುಕಿದರೆ ನಗು ಬರುತ್ತದೆ. 1810ರಲ್ಲಿ ಬಳ್ಳಾರಿಗೆ ಲಂಡನ್ ಮಿಶನ್ ಬಂದಿತು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು. ಮೈಸೂರು ಸೀಮೆಗೆ ಇಂಗ್ಲೆಂಡಿನ ವೆಸ್ಲಿಯನರು, ಬೀದರಿಗೆ ಅಮೆರಿಕದ ಮೆಥೊಡಿಸ್ಟರು ಬಂದರು. ಮುತ್ತಜ್ಜನ ಊರಿಗೆ ಯಾರು ಬಂದರೋ ಅವರ ಪದ್ಧತಿಯೇ ಮರಿಮಗನಿಗೆ ದೇವರಾಜ್ಞೆಯಂತೆ ಕಾಣುತ್ತದೆ!

ಈ ಜಗಳ ಹೊಸದೇನೂ ಅಲ್ಲ. ಕ್ರಿ. ಶ. 57ರ ಸುಮಾರಿಗೆ ಪೌಲನು ರೋಮಿನ ಸಭೆಗೆ ಪತ್ರ ಬರೆದಾಗ ಅಲ್ಲಿ ಮಾಂಸ ತಿನ್ನುವವರಿಗೂ ಬರಿಯ ಕಾಯಿಪಲ್ಯ ತಿನ್ನುವವರಿಗೂ ತಿಕ್ಕಾಟವಿತ್ತು. ಯಾವ ಆಹಾರವೂ ಅಶುದ್ಧವಲ್ಲವೆಂಬುದು ಪೌಲನ ಸ್ವಂತ ನಂಬಿಕೆ. ಆದರೂ ಅದನ್ನು ಆತ ಯಾರ ಮೇಲೂ ಹೇರಲಿಲ್ಲ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂದಷ್ಟೇ ಬುದ್ಧಿ ಹೇಳಿದ.

ನಮ್ಮ ಹಿರಿಯರೂ ಈ ಮಾತನ್ನು ನಡೆಸಿ ತೋರಿಸಿದರು. ಬೇರೆ ಬೇರೆ ಸಭೆಗಳನ್ನು ಒಂದುಗೂಡಿಸುವ ಮಾತುಕತೆ 1919ರಲ್ಲಿ ತರಂಗಂಬಾಡಿಯಲ್ಲಿ ಮೊದಲಾಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಯ್ಯನವರು 1945ರಲ್ಲಿ ತೀರಿಕೊಂಡರು, ಫಲವನ್ನು ಕಾಣಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. ಬಿಷಪ್ಪರನ್ನು ಬಿಡಲಾರದವರೂ ಬಿಷಪ್ಪರೇ ಬೇಡವೆಂದಿದ್ದವರೂ ಅದರಲ್ಲಿ ಕೂಡಿದರು. ರೂಢಿಯಲ್ಲಿಲ್ಲದ, ಮನಸ್ಸಾಕ್ಷಿಗೆ ಒಪ್ಪದ ಆರಾಧನಾಕ್ರಮವನ್ನಾಗಲಿ ಬೋಧಕರನ್ನಾಗಲಿ ಯಾವ ಸಭೆಯ ಮೇಲೂ ಹೇರುವುದಿಲ್ಲವೆಂದು ಒಬ್ಬರಿಗೊಬ್ಬರು ಮಾತು ಕೊಟ್ಟರು. ಒಗ್ಗಟ್ಟೆಂದರೆ ಎಲ್ಲರೂ ಒಂದೇ ಅಚ್ಚಿನವರಾಗುವುದಲ್ಲವೆಂದು ಅವರು ಅರಿತಿದ್ದರು.

ಆದರೆ ಒಪ್ಪಂದ ಮಾಡಿಕೊಳ್ಳುವುದು ಸುಲಭ, ಪಕ್ಕದಲ್ಲಿ ಕೂರುವುದು ಕಷ್ಟ. ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಸಭೆಗೆ ತರುಣನೊಬ್ಬ ಹೊಸದಾಗಿ ಮದುವೆಯಾದ ಹೆಂಡತಿಯೊಡನೆ ಬರತೊಡಗಿದ. ಆಕೆ ಹಿಂದೂ ಮನೆತನದವಳು. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಮಲ್ಲಿಗೆ. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಮೂರನೆಯ ವಾರ ಇಬ್ಬರೂ ಬರಲಿಲ್ಲ. ಆಗ ಧಾರವಾಡದ ಮುದುಕಿಯೊಬ್ಬರು ಲೋಕಲ್ ರೈಲು ಹತ್ತಿ ಅವರ ಮನೆ ಹುಡುಕಿಕೊಂಡು ಹೋದರು. "ಬಾ ಮಗಳ, ಬರೂ ವಾರ ನನ್ನ ಬಾಜೂಕ ಕೂಡು" ಎಂದರಂತೆ. ಪಿಸುಗುಟ್ಟಿದವರಿಗೂ ಒಂದು ಮಾತು ಹೇಳಿದರು: "ಬಾಗಲಾ ಕಾಯೋ ಕೆಲಸ ನಮಗ ಯಾರು ಕೊಟ್ಟಾರ?" ಆಕೆ ಈಗಲೂ ಬರುತ್ತಾಳೆ, ಕುಂಕುಮ ಇಟ್ಟುಕೊಂಡೇ. ಮಕ್ಕಳು ಕನ್ನಡ ಕೀರ್ತನೆ ಹಾಡುತ್ತಾರೆ. ಆ ದಿನ ಯಾರೂ ಹೋಗದಿದ್ದರೆ ಒಂದು ಸಂಸಾರವೇ ಸಭೆಗೂ ಎರವಾಗುತ್ತಿತ್ತು, ಕನ್ನಡಕ್ಕೂ ಎರವಾಗುತ್ತಿತ್ತು.

ಸಹನೆಯೆಂದರೆ ಎಲ್ಲಕ್ಕೂ ಕಣ್ಣು ಮುಚ್ಚುವುದೇ ಎಂದು ಕೆಲವರು ಕೇಳಬಹುದು. ಅಲ್ಲ. ಸಭೆಯ ಹಣ ತಿಂದವನನ್ನು, ಹೆಂಡತಿಯ ಮೇಲೆ ಕೈಮಾಡುವವನನ್ನು ಕೇಳಲೇಬೇಕು, ಅಲ್ಲಿ ನೊಂದವರಿದ್ದಾರೆ. ಆದರೆ ಉಡುಗೆ, ಊಟ, ರಾಗ, ಮೊಣಕಾಲು ಇವುಗಳಿಂದ ಯಾರಿಗೇನು ನೋವು? ಅಲ್ಲಿ ನಮ್ಮ ರೂಢಿಯನ್ನು ನಾವು ಉಳಿಸಿಕೊಂಡು, ಅವರ ರೂಢಿಯನ್ನು ಅವರಿಗೆ ಬಿಟ್ಟರೆ ಸಾಕು.

ಇದು ಕ್ರೈಸ್ತರಿಗಷ್ಟೇ ಸಲ್ಲುವ ಮಾತಲ್ಲ. ಹೊರನಾಡಿನಲ್ಲಿ ನಾಲ್ಕು ಜನ ಕೂಡುವ ಯಾವ ಸಂಘಕ್ಕೂ ಸಲ್ಲುತ್ತದೆ. ಮುಂದಿನ ಆದಿತ್ಯವಾರ ಹೊಸ ಮುಖ ಕಂಡರೆ ಮೊದಲು ಊರು ಕೇಳೋಣ, ಕುಶಲ ಕೇಳೋಣ, ಸರಿದು ಕೂರಲು ಜಾಗ ಕೊಡೋಣ. ಉಳಿದುದನ್ನು ದೇವರು ನೋಡಿಕೊಳ್ಳುತ್ತಾನೆ.