ನುತಿಬಾರಾ ಗುಡ್ಡದ ಸಂಜೆ

ಭೂಪಟದಲ್ಲಿ ಮೆಡೆಲಿನ್ ಎಂದು ಓದಿಕೊಂಡು ಹೋಗಿದ್ದೆ; ಅಲ್ಲಿಯವರ ಬಾಯಲ್ಲಿ ಅದು ‘ಮೆದೆಯಿನ್’. ಕೊಲಂಬಿಯಾದ ಆಂಡಿಸ್ ಬೆಟ್ಟಗಳ ನಡುವೆ, ಸುಮಾರು 1,500 ಮೀಟರ್ ಎತ್ತರದ ಕಣಿವೆಯಲ್ಲಿರುವ ಊರು. ಎರಡೂ ಬದಿಯಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಬೆಟ್ಟ ಹತ್ತಿಕೊಂಡು ಹೋಗಿವೆ. ಇಲ್ಲಿನ ಅಂತರರಾಷ್ಟ್ರೀಯ ಕಾವ್ಯೋತ್ಸವಕ್ಕೆ ವರ್ಷವರ್ಷವೂ ಹಲವು ಖಂಡಗಳ ಕವಿಗಳು ಬರುತ್ತಾರೆ. ನೊಬೆಲ್ ಪಡೆದ ನೈಜೀರಿಯಾದ ಲೇಖಕ ವೋಲೆ ಸೋಯಿಂಕಾ ಕೂಡ ಬಂದು ಓದಿದ್ದಾರೆ. ಉತ್ಸವ ಒಂದೇ ಊರಿಗೆ ನಿಲ್ಲುವುದಿಲ್ಲ. ಕವಿಗಳು ದೇಶದ ಬೇರೆ ಬೇರೆ ನಗರಗಳಿಗೂ ಹೋಗಿ ಓದಿಬರುತ್ತಾರೆ.

ಇದು ಶುರುವಾದದ್ದು 1991ರಲ್ಲಿ. ‘ಪ್ರೊಮೆತೆಯೊ’ ಎಂಬ ಕಾವ್ಯಪತ್ರಿಕೆ ನಡೆಸುತ್ತಿದ್ದ ಫೆರ್ನಾಂದೊ ರೆಂದೊನ್ ಮತ್ತು ಗೆಳೆಯರು ಕೈಹಾಕಿದ ಕೆಲಸ. ಪಾಬ್ಲೊ ಎಸ್ಕೊಬಾರ್‌ನ ಮಾದಕವಸ್ತು ಜಾಲ ಊರನ್ನು ಹಿಂಡುತ್ತಿದ್ದ ಕಾಲ ಅದು. ಆ ಒಂದೇ ವರ್ಷ ಅಲ್ಲಿ 6,000ಕ್ಕೂ ಹೆಚ್ಚು ಕೊಲೆಗಳಾದವು. ಕತ್ತಲಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನರನ್ನು, ಬನ್ನಿ, ಬಯಲಿನಲ್ಲಿ ಕೂತು ಕವಿತೆ ಕೇಳೋಣ ಎಂದು ಇವರು ಕರೆದರು. ಜನ ಬಂದರು. ಎಂಥ ಧೈರ್ಯ ಅದು, ಕರೆದವರದ್ದೂ ಬಂದವರದ್ದೂ! 2006ರಲ್ಲಿ ಉತ್ಸವಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು.

ಆ ದಿನಗಳ ಗುರುತನ್ನು ಕಣ್ಣಾರೆ ನೋಡಬೇಕೆಂದರೆ ಸಾನ್ ಆಂತೋನಿಯೊ ಚೌಕಕ್ಕೆ ಹೋಗಬೇಕು. ಅಲ್ಲಿ ಇದೇ ಊರಿನ ಶಿಲ್ಪಿ ಫೆರ್ನಾಂದೊ ಬೊತೇರೊ ಮಾಡಿದ ದಪ್ಪನೆಯ ಕಂಚಿನ ಹಕ್ಕಿಯಿದೆ. 1995ರ ಜೂನ್‌ನಲ್ಲಿ ಅದರ ಬುಡದಲ್ಲಿಟ್ಟ ಬಾಂಬು ಸಿಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಹಕ್ಕಿಯ ಹೊಟ್ಟೆ ಹರಿದು, ಕಂಚು ಹರಕು ಬಟ್ಟೆಯಂತೆ ಹೊರಕ್ಕೆ ಮಡಚಿಕೊಂಡಿದೆ, ಒಳಗೆ ಕತ್ತಲು. ತೆಗೆಯಬೇಡಿ, ಹಾಗೇ ಇರಲಿ ಎಂದರು ಬೊತೇರೊ. 2000ದಲ್ಲಿ ಪಕ್ಕದಲ್ಲೇ ಇನ್ನೊಂದು ಇಡೀ ಹಕ್ಕಿಯನ್ನು ಕೊಟ್ಟರು. ಎರಡೂ ಅಕ್ಕಪಕ್ಕ ನಿಂತಿವೆ. ನನಗೆ ಅಲ್ಲಿಂದ ಕಾಲು ಕೀಳಲು ಬಹಳ ಹೊತ್ತು ಹಿಡಿಯಿತು.

ಸಂಜೆ ಉತ್ಸವದ ಓದು ಕೇಳಲು ಊರೊಳಗಿನ ನುತಿಬಾರಾ ಗುಡ್ಡ ಹತ್ತಿದೆ. ಇಳಿಜಾರಿನಲ್ಲಿ ಕಾರ್ಲೋಸ್ ವಿಯೆಕೊ ಬಯಲು ರಂಗಮಂದಿರ. ಮೆಟ್ಟಿಲುಗಳ ಮೇಲೆ ಕಾಲೇಜು ಹುಡುಗರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು, ಅರೇಪಾ ಮುರಿದು ತಿನ್ನುತ್ತಿದ್ದ ಮುದುಕರು. ಅರೇಪಾ ಎಂದರೆ ಮುಸುಕಿನ ಜೋಳದ ದಪ್ಪ ರೊಟ್ಟಿ. ಆಫ್ರಿಕಾದ ಕವಿಯೊಬ್ಬರು ತಮ್ಮ ನುಡಿಯಲ್ಲೇ ಓದಿದರು. ಅರ್ಥವಾದವರು ಆ ಜನರಲ್ಲಿ ಯಾರೂ ಇದ್ದಂತಿಲ್ಲ. ಆದರೂ ಒಂದು ಕೆಮ್ಮು ಕೇಳಿಸಲಿಲ್ಲ. ಆಮೇಲೆ ಸ್ಪ್ಯಾನಿಷ್ ಅನುವಾದ ಓದಿದಾಗ ಚಪ್ಪಾಳೆ ಗುಡ್ಡ ತುಂಬಿತು. ಕನ್ನಡವನ್ನೂ ಹೀಗೇ, ಮೊದಲು ಕನ್ನಡವಾಗಿಯೇ, ಇಲ್ಲಿ ಕೇಳಿಸಬೇಕು ಎಂದು ಆಸೆಯಾಯಿತು.

ನಡುವೆ ಮಳೆ ಬಂತು. ಯಾರೂ ಏಳಲಿಲ್ಲ. ಕೊಡೆಗಳು ಬಿಚ್ಚಿಕೊಂಡವು, ಕೊಡೆಯಿಲ್ಲದ ನನ್ನನ್ನು ಪಕ್ಕದ ಹೆಂಗಸು ತನ್ನ ಕೊಡೆಯಡಿಗೆ ಎಳೆದುಕೊಂಡಳು. ಓದು ಮುಂದುವರಿಯಿತು.

ಉತ್ಸವ ಸಾಮಾನ್ಯವಾಗಿ ಜುಲೈಯಲ್ಲಿ ನಡೆಯುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ. ಕೊಲಂಬಿಯಾಕ್ಕೆ ಹೋಗುವವರು ಆ ದಿನಗಳಿಗೇ ಹೊಂದಿಸಿಕೊಂಡು ಹೋಗಿ, ಕೊಡೆಯೊಂದನ್ನು ಜೊತೆಗಿಟ್ಟುಕೊಳ್ಳಿ.