ಕಾರ್ಪೆಟ್‌ನ ಅಡಿಯಲ್ಲಿ

ಅಮೆರಿಕದ ಮನೆ ಎಂದರೆ ನಿಮ್ಮ ಕಣ್ಣ ಮುಂದೆ ಬಂಗಲೆ ಬರಬಹುದು. ಟೆಕ್ಸಾಸ್‌ನಲ್ಲಿರುವ ನನ್ನ ತಂಗಿಯದು ಮೊಬೈಲ್ ಹೋಮ್. ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚೌಕಟ್ಟಿನ ಮೇಲೆ ಎಳೆದು ತಂದು ನಿಲ್ಲಿಸಿದ ಮನೆ. ಅಲ್ಲಿನ ಹಳೆಯ ಕಾರ್ಪೆಟ್‌ನ ಧೂಳಿಗೆ ಅವಳ ಕಿರಿಯ ಮಗನ ಉಬ್ಬಸ ಹೆಚ್ಚುತ್ತಿತ್ತು. ಕೆಲಸದವರಿಗೆ ಕೊಡಲು ಹಣವಿರಲಿಲ್ಲ. ರಜೆಯಲ್ಲಿ ನಾನು ಹೋಗಿದ್ದಾಗ ಇಬ್ಬರೂ ಸೇರಿ ಕೆಲಸಕ್ಕಿಳಿದೆವು.

ಮಗುವನ್ನು ಪಕ್ಕದ ಮನೆಗೆ ಕಳುಹಿಸಿ, ಮಾಸ್ಕ್ ಧರಿಸಿ, ಕಾರ್ಪೆಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸುತ್ತಿದೆವು. ಪಿನ್ನುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತೆವು. ಇಂಥ ಹಳೆಯ ಮನೆಗಳ ನೆಲಕ್ಕೆ ಹೆಚ್ಚಾಗಿ ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆ ಹಾಕಿರುತ್ತಾರೆ. ನೀರು ತಾಗಿದರೆ ಅದು ಉಬ್ಬಿ ಪುಡಿಯಾಗುತ್ತದೆ. ಬಚ್ಚಲಿನ ಬಾಗಿಲ ಬಳಿ ಹಾಗೆಯೇ ಆಗಿತ್ತು. ಮೊದಲು ಪೈಪಿನ ಸೋರಿಕೆ ನಿಲ್ಲಿಸಿ, ಕೆಟ್ಟ ಭಾಗವನ್ನು ಕತ್ತರಿಸಿ, ಅಡಿಯ ಮರದ ತೊಲೆಗಳಿಗೆ ಪ್ಲೈವುಡ್ ಬಿಗಿದೆವು. ಅದರ ಮೇಲೆ ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಪಟ್ಟಿಗಳು. ಅಂಟೂ ಬೇಡ, ಮೊಳೆಯೂ ಬೇಡ. ಸೆಕೆಗೆ ಅವು ಹಿಗ್ಗುವುದರಿಂದ ಗೋಡೆಯ ಬದಿಯಲ್ಲಿ ಕಾಲು ಇಂಚು ಜಾಗ ಬಿಡಬೇಕು.

ಮಗನಿಗೆ ಇನ್‌ಹೇಲರ್ ಈಗಲೂ ಬೇಕು. ಆದರೆ ರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆ. ತಂಗಿ ಊರಿನಲ್ಲಿ ಮಾಡುತ್ತಿದ್ದಂತೆ ದಿನವೂ ನೆಲ ಒರೆಸುತ್ತಾಳೆ.

ನಿಮ್ಮ ಮನೆಯಲ್ಲೂ ಸಾಲ ಮಾಡಿ ಹೊಸದನ್ನು ಹಾಸುವ ಮೊದಲು ಹಳೆಯದನ್ನೊಮ್ಮೆ ಎತ್ತಿ ನೋಡಿ. ಸೋರಿಕೆ ನಿಲ್ಲದಿದ್ದರೆ ಮೇಲೆ ಏನು ಹಾಸಿದರೂ ಅಡಿಯಲ್ಲಿ ಕೊಳೆಯುತ್ತಲೇ ಇರುತ್ತದೆ.