‘ಕರಿಯ ಎವಿಡೆ?’

ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಭಾನುವಾರ ತಿರುವನಂತಪುರದ ಕನಕಕುನ್ನು ಅರಮನೆಯ ಹೊರಗಿನ ಫುಟ್‌ಪಾತಿನಲ್ಲಿ ನಾಯಿಮರಿ ಹಿಡಿದು ನಿಂತಿದ್ದೆ. ಪಕ್ಕದಲ್ಲೇ 1880ರ ನೇಪಿಯರ್ ಮ್ಯೂಸಿಯಂ, ಅದೇ ಆವರಣದಲ್ಲಿ ಮೃಗಾಲಯ; ನಾಯಿ ಕರೆದುಕೊಂಡು ಒಳಗೆ ಹೋಗುವ ಹಾಗಿಲ್ಲ. ಹಿರಿಯರೊಬ್ಬರು ‘ಪಟ್ಟಿ ಕಡಿಕ್ಕುಮೋ?’ ಎಂದರು. ನಮಗೆ ಪಟ್ಟಿ ಎಂದರೆ ದಿನಸಿ ಪಟ್ಟಿ! ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ, ಅವರು ಕೇಳಿದ್ದು ‘ಕಚ್ಚುತ್ತದೆಯೇ?’ ಎಂದು. ನಾನು ಕಲಿತ ಮೊದಲ ಮಲಯಾಳ ಪಾಠ ಅದು.

ಈಗ ನಾವು ಕೊಚ್ಚಿಯಲ್ಲಿದ್ದೇವೆ. ಬೆಳಗ್ಗೆ ಆರಕ್ಕೆ ಪನಂಪಿಳ್ಳಿ ನಗರದ ಮರಗಳ ನೆರಳಿನ ವಾಕಿಂಗ್ ದಾರಿಗೆ ಹೋಗುತ್ತೇವೆ. ಕರಿಯನಿಗೆ ಹತ್ತು ವರ್ಷ ದಾಟಿದೆ. ಮೊದಲು ಕೊನೆಯವರೆಗೂ ಎಳೆದುಕೊಂಡು ಹೋಗುತ್ತಿದ್ದವನು ಈಗ ಮೂರನೇ ಬೆಂಚಿಗೇ ಕೂತುಬಿಡುತ್ತಾನೆ. ‘ಬಾರೋ’, ‘ಕೂತ್ಕೋ’, ‘ಸಾಕು’ ಎಲ್ಲವೂ ಕನ್ನಡದಲ್ಲೇ. ಮಗಳು ಕನ್ನಡದಲ್ಲಿ ಕೇಳಿದರೂ ಮಲಯಾಳದಲ್ಲಿ ಉತ್ತರಿಸುತ್ತಾಳೆ. ಮನೆಯಲ್ಲಿ ನನ್ನ ಭಾಷೆಗೆ ತಪ್ಪದೆ ಓಗೊಡುವವನು ಅವನೊಬ್ಬನೇ.

ಮೊನ್ನೆ ಒಬ್ಬನೇ ಹೋಗಿದ್ದೆ. ಆ ಬೆಂಚಿನಲ್ಲಿ ದಿನಾ ಕೂರುವ ಅಜ್ಜ ‘ಕರಿಯ ಎವಿಡೆ?’ ಎಂದರು. ಎಲ್ಲಿ ಎಂದು ಕೇಳಿದ್ದು. ನನ್ನ ಹೆಸರು ಅವರಿಗೆ ಇಂದಿಗೂ ಗೊತ್ತಿಲ್ಲ. ಗಾಬರಿಯಲ್ಲಿ ಮಲಯಾಳ ಬಾಯಿಗೆ ಬರಲಿಲ್ಲ. ‘ಕಾಲು ನೋವು’ ಎಂದೆ. ಅಜ್ಜನಿಗೆ ಅರ್ಥವಾಯಿತು, ಎರಡೂ ಅವರ ಭಾಷೆಯಲ್ಲೂ ಇರುವ ಮಾತುಗಳೇ. ಸ್ವಲ್ಪ ಸರಿದು, ಬೆಂಚಿನಲ್ಲಿ ನನಗೆ ಜಾಗ ಕೊಟ್ಟರು.